ಕೀಲಿಮಣೆಯ ವಿಷಯದಲ್ಲಿ ಯಾರ ಮಾತನ್ನು ನಂಬುವುದು?



ಮೌಲ್ಯಮಾಪನವೆಂಬುದು ಮಾಸ್ತರರನ್ನು ನಿವೃತ್ತಿಯ ನಂತರವೂ ಬಿಡದ ವ್ಯಸನ. ಅಂಕವೆಂಬುದು ಎಲ್ಲಿ ಕಂಡರೂ ಕಣ್ಣು ಅತ್ತಲೇ ಹೊರಳುತ್ತದೆ. ಇತ್ತೀಚಿನ ದಿನಗಳಲ್ಲಿ ನನ್ನ ಕಣ್ಣಿಗೆ ಹೆಚ್ಚಾಗಿ ಬೀಳುತ್ತಿರುವುದು ಮನೆಯ ಗಣಕಯಂತ್ರಕ್ಕೆ ಬೇಕಾಗುವ ಕೀಲಿಮಣೆ, ಮೌಸ್, ಮುದ್ರಕ, ಯುಪಿಎಸ್, ಹೆಡ್‌ಫೋನ್ ಮುಂತಾದ ಸಾಮಾನುಗಳಿಗೆ ಗ್ರಾಹಕ ಮಹಾಶಯರು ದಯಪಾಲಿಸುವ ನಕ್ಷತ್ರಗಳು. ಒಂದರಿಂದ ಐದರವರೆಗೆ ನಕ್ಷತ್ರ, ಅದರ ಕೆಳಗೆ ಒಂದೆರಡು ಸಾಲಿನ ಅಭಿಪ್ರಾಯ. ನಾಲ್ಕೂಕಾಲು ನಕ್ಷತ್ರ ಪಡೆದ ಕೀಲಿಮಣೆ ಉತ್ತಮ, ಮೂರೂವರೆ ಪಡೆದದ್ದು ಅಧಮ ಎಂದು ನಮ್ಮ ಮಕ್ಕಳು ಮೊಮ್ಮಕ್ಕಳು ಕ್ಷಣಾರ್ಧದಲ್ಲಿ ತೀರ್ಮಾನಿಸಿಬಿಡುತ್ತಾರೆ. ಉತ್ತರಪತ್ರಿಕೆಯನ್ನೇ ನೋಡದೆ ಅಂಕಪಟ್ಟಿಗೆ ರುಜು ಹಾಕುವ ಪರಿಪಾಠ ನಮ್ಮ ಶಾಲೆಯಲ್ಲಿ ಇರಲಿಲ್ಲವೆಂಬುದು ನಿಮಗೆಲ್ಲ ಗೊತ್ತೇ ಇದೆ!

ಆದ್ದರಿಂದ ನಕ್ಷತ್ರಗಳನ್ನು ಬದಿಗಿರಿಸಿ ಅಭಿಪ್ರಾಯಗಳನ್ನು ಓದತೊಡಗಿದೆ. ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಅವುಗಳಲ್ಲಿ ಬಹುಪಾಲು ಸಾಮಾನಿನ ಕುರಿತಾದ ಅಭಿಪ್ರಾಯಗಳೇ ಅಲ್ಲ. ‘ಹೇಳಿದ ದಿನಕ್ಕಿಂತ ಮೊದಲೇ ಬಂತು, ಐದು ನಕ್ಷತ್ರ.’ ಇದು ತಂದುಕೊಟ್ಟ ಹುಡುಗನಿಗೆ ಸಲ್ಲಬೇಕಾದ ಅಂಕ. ‘ಪೊಟ್ಟಣ ಜಜ್ಜಿಹೋಗಿತ್ತು, ಒಂದು ನಕ್ಷತ್ರ.’ ಇದು ಸಾಗಣೆಯವನಿಗೆ ಸಲ್ಲಬೇಕಾದ ಶಿಕ್ಷೆ. ‘ಇನ್ನೂ ಬಳಸಿಲ್ಲ, ನೋಡಲು ಸೊಗಸಾಗಿದೆ, ಐದು ನಕ್ಷತ್ರ.’ ಇದಂತೂ ನೋಟ್‌ಪುಸ್ತಕದ ಬೈಂಡನ್ನು ನೋಡಿ ಗಣಿತದಲ್ಲಿ ನೂರಕ್ಕೆ ನೂರು ಕೊಟ್ಟಂತೆ.

ಅಭಿಪ್ರಾಯವು ಒಂದು ಬಗೆಯ ಸಾಕ್ಷ್ಯ. ಸಾಕ್ಷಿ ಹೇಳುವವನು ತಾನು ಎಲ್ಲಿದ್ದೆ, ಎಷ್ಟು ಹೊತ್ತು ಇದ್ದೆ, ಏನನ್ನು ಕಂಡೆ ಎಂಬ ಮೂರನ್ನು ಹೇಳದಿದ್ದರೆ ನ್ಯಾಯಾಧೀಶರು ಅವನನ್ನು ಕಟಕಟೆಯಿಂದ ಇಳಿಸಿಬಿಡುತ್ತಾರೆ. ಕೀಲಿಮಣೆಯ ಸಾಕ್ಷಿಗೂ ಇದೇ ನಿಯಮ ಅನ್ವಯವಾಗಬೇಕೆಂಬುದು ನನ್ನ ವಾದ.

ಮೊದಲು ‘ಎಲ್ಲಿ’ ಎಂಬುದನ್ನು ನೋಡೋಣ. ನಮ್ಮ ಗೊರಗುಂಟೆಪಾಳ್ಯವನ್ನೇ ತೆಗೆದುಕೊಳ್ಳಿ. ತುಮಕೂರು ರಸ್ತೆ ಮತ್ತು ಹೊರವರ್ತುಲ ರಸ್ತೆಗಳು ಕೂಡುವ ಜಾಗ. ಪಕ್ಕದಲ್ಲಿ ಯಶವಂತಪುರ, ಮುಂದಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ. ಹಗಲಿರುಳೆನ್ನದೆ ಲಾರಿಗಳ ಸಂಚಾರ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿನಿಂದ ‘ಅ ಆ ಇ ಈ’ ತಿದ್ದಬಹುದು, ಅಷ್ಟು ಧೂಳು. ಅಗ್ಗದ ಕೀಲಿಮಣೆಗಳಲ್ಲಿ ಎಲ್ಲ ಗುಂಡಿಗಳ ಅಡಿಯಲ್ಲಿ ಒಂದೇ ರಬ್ಬರಿನ ಹಾಳೆ ಇರುತ್ತದೆ. ಅದು ಹಳತಾದಂತೆ ಗುಂಡಿಗಳು ಅಂಟಿಕೊಳ್ಳತೊಡಗುತ್ತವೆ. ಬ್ಯಾಂಕಿನ ಕೌಂಟರುಗಳಲ್ಲಿಯೂ ಅಂಗಡಿಗಳ ಬಿಲ್ಲಿನ ಮೇಜುಗಳ ಮೇಲೆಯೂ ಟಕಟಕನೆ ಸದ್ದು ಮಾಡುವ ಟಿವಿಎಸ್ ಗೋಲ್ಡ್ ಕೀಲಿಮಣೆಯನ್ನು ನೀವು ನೋಡಿರುತ್ತೀರಿ. ಅದರಲ್ಲಿ ಒಂದೊಂದು ಗುಂಡಿಗೂ ಪ್ರತ್ಯೇಕ ಸ್ವಿಚ್ಚು. ಬೆಲೆ ಹೆಚ್ಚು, ಸದ್ದೂ ಹೆಚ್ಚು, ಬಾಳಿಕೆಯೂ ಹೆಚ್ಚು. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವನು ‘ಸದ್ದು ಸಹಿಸಲಾಗದು’ ಎಂದು ಎರಡು ನಕ್ಷತ್ರ ಕೊಟ್ಟರೆ ಅದು ಅವನ ಮಟ್ಟಿಗೆ ಸತ್ಯವೇ. ಕಿಟಕಿಯಾಚೆ ಲಾರಿಯ ಹಾರನ್ ಕೇಳುತ್ತ ಬರೆಯುವ ನನಗೆ ಗುಂಡಿಯ ಸದ್ದು ಒಂದು ಸದ್ದೇ?

ಇನ್ನು ‘ಎಷ್ಟು ಕಾಲ’ ಎಂಬುದು. ಯುಪಿಎಸ್ ತಂದ ಹತ್ತನೆಯ ದಿನಕ್ಕೆ ‘ಅದ್ಭುತ’ ಎಂದು ಬರೆಯುವವರಿದ್ದಾರೆ. ಹತ್ತನೆಯ ದಿನಕ್ಕೆ ಎಲ್ಲ ಯುಪಿಎಸ್‌ಗಳೂ ಅದ್ಭುತವೇ. ಅದರೊಳಗಿನ ಸೀಸದ ಬ್ಯಾಟರಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಆಯುಸ್ಸು. ಅದರ ಯೋಗ್ಯತೆ ತಿಳಿಯುವುದು ಎರಡನೆಯ ಬೇಸಿಗೆಯಲ್ಲಿ, ವಿದ್ಯುತ್ತು ಹೋದಾಗ. ಪೆಟ್ಟಿಗೆಯ ಮೇಲೆ ೬೦೦ ವಿಎ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಹೊರುವುದು ಸಾಮಾನ್ಯವಾಗಿ ೩೬೦ ವಾಟ್ ಆಸುಪಾಸು ಮಾತ್ರ ಎಂಬುದನ್ನು ಸಣ್ಣಕ್ಷರದಲ್ಲಿ ಹುಡುಕಬೇಕು. ಈ ವ್ಯತ್ಯಾಸವನ್ನು ತಿಳಿಸಿದ ಒಬ್ಬ ಗ್ರಾಹಕನ ನಾಲ್ಕು ಸಾಲು ನೂರು ನಕ್ಷತ್ರಗಳಿಗಿಂತ ಮೇಲು. ಮೌಸಿನ ಕಥೆಯೂ ಇದೇ. ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುವ ರೋಗ ಅದಕ್ಕೆ ಬಡಿಯುವುದು ಒಳಗಿನ ಪುಟ್ಟ ಸ್ವಿಚ್ಚು ಸವೆದ ಮೇಲೆ. ಮೊದಲ ವಾರದ ಅಭಿಪ್ರಾಯದಲ್ಲಿ ಅದು ಸಿಕ್ಕುವುದೆಂತು?

ಮುದ್ರಕದ ವಿಷಯದಲ್ಲಿ ಬಳಸುವವನು ಯಾರೆಂಬುದು ಮುಖ್ಯ. ದಿನಕ್ಕೆ ಮೂವತ್ತು ಪುಟ ಮುದ್ರಿಸುವ ಅಂಗಡಿಯವನಿಗೆ ಶಾಯಿಯ ತೊಟ್ಟಿಯಿರುವ ಮುದ್ರಕ ವರದಾನ. ನನ್ನಂತೆ ತಿಂಗಳಿಗೊಮ್ಮೆ ಪಿಂಚಣಿಯ ಕಾಗದವನ್ನೋ ಲಗ್ನಪತ್ರಿಕೆಯ ಕರಡನ್ನೋ ಮುದ್ರಿಸುವವನಿಗೆ ಅದೇ ಯಂತ್ರ ಶಾಪ. ಬಳಸದೆ ಬಿಟ್ಟರೆ ಶಾಯಿ ಒಣಗಿ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಅವುಗಳನ್ನು ತೊಳೆಯಲು ಯಂತ್ರ ಮತ್ತಷ್ಟು ಶಾಯಿಯನ್ನೇ ಕುಡಿಯುತ್ತದೆ. ಅಪರೂಪಕ್ಕೆ ಮುದ್ರಿಸುವವರಿಗೆ ಒಣಪುಡಿಯ ಲೇಸರ್ ಮುದ್ರಕವೇ ವಾಸಿ. ಇಬ್ಬರು ಗ್ರಾಹಕರೂ ಸತ್ಯವನ್ನೇ ನುಡಿಯುತ್ತಾರೆ. ಅವರಿಬ್ಬರನ್ನು ಕೂಡಿಸಿ ಎರಡರಿಂದ ಭಾಗಿಸಿ ‘ಮೂರು ನಕ್ಷತ್ರ’ ಎಂದರೆ ಆ ಸರಾಸರಿ ಯಾರ ಮನೆಗೂ ಹೊಂದದು.

ಸರ್ಕಾರ ಕೈಕಟ್ಟಿ ಕುಳಿತಿಲ್ಲವೆನ್ನಿ. ೨೦೨೦ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನು ಗ್ರಾಹಕನ ವೇಷ ಧರಿಸಿ ತನ್ನ ಸರಕನ್ನು ತಾನೇ ಹೊಗಳಿ ಬರೆಯಕೂಡದು. ೨೦೨೨ರ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆಯು ಐಎಸ್ ೧೯೦೦೦:೨೦೨೨ ಎಂಬ ಮಾನಕವನ್ನು ಗ್ರಾಹಕ ಅಭಿಪ್ರಾಯಗಳಿಗೆಂದೇ ಹೊರಡಿಸಿತು. ಬರೆದವನು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸಬೇಕು, ಹಣ ಕೊಟ್ಟು ಬರೆಯಿಸಿದ್ದನ್ನು ಪ್ರಕಟಿಸಬಾರದು ಎಂಬುದು ಅದರ ಆಶಯ. ಆದರೆ ಅದು ಹೊರಬಂದದ್ದು ಇಷ್ಟವಿದ್ದವರು ಪಾಲಿಸಬಹುದಾದ ಮಾನಕವಾಗಿ. ನಾನು ತರಿಸಿದ ಒಂದು ಹೆಡ್‌ಫೋನಿನ ಪೆಟ್ಟಿಗೆಯಲ್ಲಿ ಪುಟ್ಟ ಚೀಟಿಯೊಂದಿತ್ತು: ಐದು ನಕ್ಷತ್ರ ಕೊಟ್ಟು ಅದರ ಚಿತ್ರವನ್ನು ಕಳುಹಿಸಿದರೆ ನೂರು ರೂಪಾಯಿ ವಾಪಸು! ಪರೀಕ್ಷಾರ್ಥಿಯೇ ಉತ್ತರಪತ್ರಿಕೆಯೊಳಗೆ ನೋಟು ಮಡಚಿಟ್ಟ ಹಾಗಾಯಿತಲ್ಲ. (ಹೆಡ್‌ಫೋನ್ ಕೆಟ್ಟದ್ದೇನೂ ಆಗಿರಲಿಲ್ಲ. ಆ ಚೀಟಿಯಿಲ್ಲದಿದ್ದರೆ ನಾಲ್ಕು ನಕ್ಷತ್ರ ಕೊಡುತ್ತಿದ್ದೆನೋ ಏನೋ.)

ಇವೆಲ್ಲ ಎಲ್ಲ ಭಾಷೆಯವರಿಗೂ ಸಮಾನವಾದ ತಾಪತ್ರಯಗಳು. ಕನ್ನಡಿಗರಿಗೆಂದೇ ಮೀಸಲಾದ ತಾಪತ್ರಯ ಮತ್ತೊಂದಿದೆ.

ನಮ್ಮ ಬೀದಿಯಲ್ಲಿ ನನ್ನ ಓರಗೆಯ ಹಿರಿಯರೊಬ್ಬರಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸೇವಾವಧಿಯ ಕೊನೆಯ ವರ್ಷಗಳಲ್ಲಿ ನುಡಿ ತಂತ್ರಾಂಶದಲ್ಲಿ ಟಿಪ್ಪಣಿ ಬರೆದು ಕೈ ಪಳಗಿಸಿಕೊಂಡವರು. ತಮ್ಮ ತಾಯಿ ಹೇಳುತ್ತಿದ್ದ ಬೀಸುವ ಕಲ್ಲಿನ ಹಾಡುಗಳು ತಮ್ಮ ನೆನಪಿನಲ್ಲಿರುವಾಗಲೇ ಬರೆದಿಡಬೇಕೆಂಬ ಹಂಬಲ ಅವರದು. ಕಣ್ಣು ಮಂದವಾಗಿದೆ, ಕೈ ಮರೆಯತೊಡಗಿದೆ. ಗುಂಡಿಗಳ ಮೇಲೆ ಕನ್ನಡ ಅಕ್ಷರಗಳು ದಪ್ಪಗೆ ಇದ್ದರೆ ಅನುಕೂಲವೆಂದು ಬಯಸಿದರು. ಮೆಟ್ರೋ ಹಿಡಿದು ನಾವಿಬ್ಬರೂ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿದು ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳನ್ನು ಸುತ್ತಿದೆವು. ಬೆಂಗಳೂರಿನಲ್ಲಿ ಗಣಕಯಂತ್ರದ ಸಾಮಾನು ಅಲ್ಲಿ ಸಿಗದಿದ್ದರೆ ಮತ್ತೆಲ್ಲಿ ಸಿಕ್ಕೀತು? ಬಣ್ಣಬಣ್ಣದ ದೀಪ ಮಿನುಗುವ ಕೀಲಿಮಣೆ ಸಿಕ್ಕಿತು, ನೀರು ಚೆಲ್ಲಿದರೂ ಕೆಡದ ಕೀಲಿಮಣೆ ಸಿಕ್ಕಿತು, ಸುರುಳಿ ಸುತ್ತಿ ಚೀಲಕ್ಕೆ ಹಾಕಬಹುದಾದ ಕೀಲಿಮಣೆಯೂ ಸಿಕ್ಕಿತು. ಕನ್ನಡ ಅಕ್ಷರವಿರುವುದು ಮಾತ್ರ ನಾವು ಕೇಳಿದ ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ‘ಯಾರೂ ಕೇಳೋದಿಲ್ಲ ಸಾರ್’ ಎಂಬುದೊಂದೇ ಉತ್ತರ.

ಕೊನೆಗೆ ಅವರು ಮಗನ ಮೂಲಕ ಕನ್ನಡ ಅಕ್ಷರಗಳ ಅಂಟುಚೀಟಿಯ ಹಾಳೆಯೊಂದನ್ನು ತರಿಸಿದರು. ಅದಕ್ಕೂ ನಾಲ್ಕು ನಕ್ಷತ್ರಗಳ ಮೇಲಿತ್ತು. ಚೆನ್ನಾಗಿ ಅಂಟುತ್ತದೆ, ಅಕ್ಷರ ಸ್ಪಷ್ಟವಾಗಿದೆ ಎಂದೆಲ್ಲ ಇಂಗ್ಲಿಷಿನಲ್ಲಿ ಶ್ಲಾಘನೆ. ಅಂಟಿಸಿ ಬರೆಯಲು ಕುಳಿತರೆ ತೆರೆಯ ಮೇಲೆ ಮೂಡುವುದೇ ಬೇರೆ! ‘ಮನ’ ಎಂದು ಚೀಟಿ ನೋಡಿ ಒತ್ತಿದರೆ ‘ಚವ’ ಎಂದು ಬರುತ್ತಿತ್ತು. ಕಾರಣ ಇಷ್ಟೇ: ಚೀಟಿಗಳು ಕೇಂದ್ರ ಸರ್ಕಾರ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದವು, ಅವರ ಗಣಕದಲ್ಲಿದ್ದದ್ದು ನುಡಿಯ ವಿನ್ಯಾಸ. ಇನ್‌ಸ್ಕ್ರಿಪ್ಟಿನಲ್ಲಿ ಇಂಗ್ಲಿಷಿನ ಸಿ ಗುಂಡಿ ‘ಮ’, ವಿ ಗುಂಡಿ ‘ನ’. ನುಡಿಯಲ್ಲಿ ಅವೇ ‘ಚ’ ಮತ್ತು ‘ವ’. ಆ ಹಾಳೆಗೆ ಬಂದಿದ್ದ ಅಷ್ಟೂ ಅಭಿಪ್ರಾಯಗಳಲ್ಲಿ ಒಬ್ಬನೇ ಒಬ್ಬನೂ ಇದು ಯಾವ ವಿನ್ಯಾಸದ್ದೆಂದು ಹೇಳಿರಲಿಲ್ಲ. ಅಂಟನ್ನು ಪರೀಕ್ಷಿಸಿದ್ದರು, ಅಕ್ಷರವನ್ನು ಪರೀಕ್ಷಿಸಿರಲಿಲ್ಲ. ಅದರ ಮೇಲೆ ಒಂದು ಪುಟ ಕನ್ನಡ ಬರೆದು ನೋಡಿದವರಾರೂ ಅಭಿಪ್ರಾಯ ಬರೆದಿರಲಿಲ್ಲವೆಂದೇ ನಾನು ತರ್ಕಿಸುತ್ತೇನೆ.

ಇಲ್ಲಿ ಕೆ. ಪಿ. ರಾಯರನ್ನು ನೆನೆಯದೆ ಮುಂದುವರಿಯಲಾಗದು. ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಕನ್ನಡದ ವರ್ಣಮಾಲೆಯನ್ನೆಲ್ಲ ಇಂಗ್ಲಿಷಿನ ಇಪ್ಪತ್ತಾರು ಗುಂಡಿಗಳೊಳಗೇ ಅಡಗಿಸಿದ ಧೀಮಂತರು. ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’, ಒತ್ತಕ್ಷರಕ್ಕೆ ನಡುವೆ ಎಫ್. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಈ ವಿನ್ಯಾಸವನ್ನೇ ಅನುಸರಿಸಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ತಂತ್ರಾಂಶವು ದೂರದೇಶಗಳಲ್ಲಿರುವ ನಿಮ್ಮಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷ್ ಅಕ್ಷರಗಳ ಮೂಲಕವೇ ಕನ್ನಡ ಬರೆಯುವುದನ್ನು ಕಲಿಸಿತು. ನನಗೊಂದು ಅನುಮಾನವಿದೆ. ಇಂಗ್ಲಿಷ್ ಗುಂಡಿಗಳಿಂದಲೇ ಕನ್ನಡ ಇಷ್ಟು ಸಲೀಸಾಗಿ ಮೂಡತೊಡಗಿದ್ದರಿಂದಲೇ ಕನ್ನಡದ ಗುಂಡಿಗಳನ್ನು ಕೇಳುವವರು ಇಲ್ಲವಾದರೋ ಏನೋ! ಇಂಗ್ಲಿಷ್ ಬಲ್ಲವರಿಗೆ ಅದರಿಂದ ನಷ್ಟವಿಲ್ಲ. ಇಂಗ್ಲಿಷಿನ ಅಕ್ಷರ ಪರಿಚಯ ಅಷ್ಟಕ್ಕಷ್ಟೇ ಆಗಿರುವ ಅಜ್ಜಿಗೆ, ಹಳ್ಳಿಯ ಶಾಲೆಯ ಮೂರನೆಯ ತರಗತಿಯ ಮಗುವಿಗೆ, ಕನ್ನಡ ಬರೆಯಲು ಮೊದಲು ಇಂಗ್ಲಿಷಿನ ಬಾಗಿಲು ದಾಟಬೇಕಾದ ಪರಿಸ್ಥಿತಿ ಉಳಿದೇ ಇದೆ. ಹಳೆಯ ಕನ್ನಡ ಬೆರಳಚ್ಚು ಯಂತ್ರದ ಗುಂಡಿಗಳ ಮೇಲೆ ಕನ್ನಡವೇ ಇತ್ತೆಂಬುದನ್ನು ಮರೆಯಬಾರದು.

ಈಗೆಲ್ಲ ಮೊಬೈಲಿನಲ್ಲಿ ಕನ್ನಡ ಬರುತ್ತದಲ್ಲ ಮೇಷ್ಟ್ರೇ, ಮಾತಾಡಿದರೂ ಬರೆದುಕೊಳ್ಳುತ್ತದೆ ಎಂದು ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನಿಜ. ಮೊಬೈಲಿನ ಗುಂಡಿಗಳು ಗಾಜಿನ ಮೇಲಿನ ಚಿತ್ರಗಳು. ಭಾಷೆ ಬದಲಾದರೆ ಅವೂ ಬದಲಾಗುತ್ತವೆ. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಅಕ್ಷರ ಹಾಗಲ್ಲ. ಅದನ್ನು ಯಾರಾದರೂ ಕೇಳಿ ಮಾಡಿಸಬೇಕು. ಮೊಬೈಲಿನಲ್ಲಿ ಹಬ್ಬದ ಶುಭಾಶಯ ಬರೆಯಬಹುದು. ಇನ್ನೂರು ಹಾಡುಗಳನ್ನು ಪಾಠಾಂತರಸಹಿತ ಬರೆಯಲು ಕೂರುವವರಿಗೆ ಮೇಜು, ಕುರ್ಚಿ, ಕೀಲಿಮಣೆ ಬೇಕು. ಒಂದು ಕೋಟಿಯ ಆಸುಪಾಸಿನ ಜನಸಂಖ್ಯೆಯ ಇಸ್ರೇಲಿನಲ್ಲಿ ಇಂಗ್ಲಿಷಿನ ಪಕ್ಕದಲ್ಲಿ ಹೀಬ್ರೂ ಅಕ್ಷರವಿರುವ ಕೀಲಿಮಣೆ ಅಂಗಡಿಯ ಸಾಮಾನ್ಯ ಸರಕು. ೨೦೧೧ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ನಾಲ್ಕು ಕೋಟಿ ಮೂವತ್ತೇಳು ಲಕ್ಷ. ೨೦೧೦ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂದ ಮೇಲೆ ಅದನ್ನು ನಾಲ್ಕರ ಗುಂಡಿಯ ಮೇಲೆ ಅಚ್ಚೊತ್ತಿದ ಕೀಲಿಮಣೆಗಳು ನಮ್ಮ ಮಾರುಕಟ್ಟೆಗೆ ಬಂದವು. ಅಂದಮೇಲೆ ಗುಂಡಿಯ ಮೇಲೆ ಹೊಸ ಅಕ್ಷರ ಅಚ್ಚೊತ್ತುವುದು ತಯಾರಕರಿಗೆ ಅಸಾಧ್ಯವೇನಲ್ಲ. ಬೇಕೆನ್ನುವವರ ದನಿ ಅವರ ಕಿವಿಗೆ ಬೀಳುತ್ತಿಲ್ಲ, ಅಷ್ಟೇ.

ದನಿ ಎಂದರೆ ಈಗಿನ ಕಾಲದಲ್ಲಿ ಅದೇ ಎರಡು ಸಾಲಿನ ಅಭಿಪ್ರಾಯ. ತಯಾರಕರು ಓದುವುದು ಅದನ್ನು, ಸಭೆಯ ನಿರ್ಣಯಗಳನ್ನಲ್ಲ. ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಮನೆಗೆಲಸದ ಬೇಡಿಕೆ. (ಈ ವಯಸ್ಸಿನಲ್ಲಿಯೂ ಮನೆಗೆಲಸವೇ ಎಂದು ಗೊಣಗಬೇಡಿ.) ಕೀಲಿಮಣೆಯನ್ನೋ ಮುದ್ರಕವನ್ನೋ ಕೊಂಡು ಆರು ತಿಂಗಳಾದ ಮೇಲೆ ಅದರ ಬಗ್ಗೆ ಬರೆಯಿರಿ. ಯಾವ ಊರು, ಎಷ್ಟು ಬಳಕೆ, ಎಂಥ ಧೂಳು ಎಂಬುದನ್ನು ಬರೆಯಿರಿ. ಅದರಲ್ಲಿ ಕನ್ನಡ ಬರೆದು ನೋಡಿದಿರಾ, ಯಾವ ವಿನ್ಯಾಸದಲ್ಲಿ ಎಂಬುದನ್ನು ಮರೆಯದೆ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ. ಓದಿ ತಿಳಿದುಕೊಳ್ಳುವ ಕಷ್ಟವನ್ನು ಮಾರುವವರು ಪಡಲಿ; ಹಣ ನಮ್ಮದು ತಾನೇ?

ಆ ಹಿರಿಯರು ತಮ್ಮ ಗಣಕವನ್ನು ಇನ್‌ಸ್ಕ್ರಿಪ್ಟಿಗೆ ಬದಲಿಸಿಕೊಳ್ಳಲು ಒಪ್ಪಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಕಿತ್ತು, ನುಡಿಯ ವಿನ್ಯಾಸಕ್ಕೆ ಸರಿಹೊಂದುವ ಗುಂಡಿಗಳ ಮೇಲೆ ಮತ್ತೆ ಅಂಟಿಸಿ, ಅಂಟು ಬಿಟ್ಟವಕ್ಕೆ ಮೊಮ್ಮಗಳಿಂದ ಬಿಳಿಯ ಬಣ್ಣದಲ್ಲಿ ಬರೆಯಿಸಿಕೊಂಡಿದ್ದಾರೆ. ಹಾಳೆಗೆ ಎರಡು ನಕ್ಷತ್ರ ಕೊಟ್ಟು ಕನ್ನಡದಲ್ಲಿ ಹನ್ನೊಂದು ಸಾಲು ಬರೆದರು. ನಾನು ಓದಿ ಒಂದು ಕಾಗುಣಿತ ಮಾತ್ರ ತಿದ್ದಿದೆ. ಮೊದಲ ಸಾಲೇ ಹೀಗಿದೆ: ‘ಇದು ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ನುಡಿ ಕಲಿತವರು ಕೊಳ್ಳಬೇಡಿ.’