ಆನ್‌ಲೈನ್ ವಂಚನೆ: ದೂರು ನೀಡಲು ಹಿಂಜರಿಕೆ ಏಕೆ?

ಕಚ್ಚಾ ಸಾಮಗ್ರಿಯಾಗಲಿ, ಯಂತ್ರದ ಬಿಡಿಭಾಗವಾಗಲಿ, ಅಂತರ್ಜಾಲದಲ್ಲೇ ದರ ವಿಚಾರಿಸಿ, ಮುಂಗಡ ಪಾವತಿಸಿ ತರಿಸಿಕೊಳ್ಳುವುದು ನಮ್ಮ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಇಂದು ರೂಢಿಯಾಗಿದೆ. ಇದರೊಂದಿಗೆ, ಪೇಟೆಯ ದರಕ್ಕಿಂತ ಕಡಿಮೆ ಬೆಲೆ ತೋರಿಸಿ, ಮುಂಗಡ ಪಡೆದು ಕಣ್ಮರೆಯಾಗುವ ನಕಲಿ ಮಾರಾಟಗಾರರ ಹಾವಳಿಯೂ ಬೆಳೆದಿದೆ. ವಿಷಾದದ ಸಂಗತಿಯೆಂದರೆ, ಹೀಗೆ ಮೋಸಹೋದ ವ್ಯಾಪಾರಿಗಳಲ್ಲಿ ಅನೇಕರು ಬಾಯಿ ಬಿಡುವುದಿಲ್ಲ. ಕಳ್ಳನಿಗೆ ಚೇಳು ಕಡಿದಂತೆ ಎಂಬ ಗಾದೆಯುಂಟು. ಇಲ್ಲಿ ಕಳ್ಳನಲ್ಲ, ಕಳೆದುಕೊಂಡವನೇ ನೋವು ನುಂಗಿ ಸುಮ್ಮನಾಗುತ್ತಾನೆ. ಪೇಟೆಯಲ್ಲಿ ಹೆಸರು ಕೆಟ್ಟೀತು, ಠಾಣೆಗೆ ಅಲೆಯಬೇಕಾದೀತು ಎಂದು ಅಂಜಿ, ಹೋದ ಹಣವನ್ನು ನಷ್ಟದ ಖಾತೆಗೆ ಬರೆದುಬಿಡುತ್ತಾನೆ.

ಈ ಮೌನ ದುಬಾರಿಯಾದುದು. ವಂಚಕನು ಬಂದ ಹಣವನ್ನು ಖಾತೆಯಿಂದ ಖಾತೆಗೆ ವರ್ಗಾಯಿಸಿ ಬೇಗನೆ ನಗದು ಮಾಡಿಕೊಳ್ಳುತ್ತಾನೆ. ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದರೆ, ಅಥವಾ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದರೆ, ಮಾಹಿತಿಯು ಸಂಬಂಧಪಟ್ಟ ಬ್ಯಾಂಕುಗಳಿಗೆ ತಲುಪಿ, ಖಾತೆಯಲ್ಲಿ ಉಳಿದಿರುವ ಮೊತ್ತವನ್ನಾದರೂ ತಡೆಹಿಡಿಯಲು ಸಾಧ್ಯವಾಗುತ್ತದೆ. ನಾಳೆ ನೋಡೋಣವೆಂದು ಕಾದವನಿಗೆ ತಡೆಹಿಡಿಸಲು ಹಣವೇ ಉಳಿದಿರಲಾರದು.

ವರ್ತಕರು ಗಮನಿಸಬೇಕಾದ ಮತ್ತೊಂದು ಅಂಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲು ಕೊಂಡ ಸಂದರ್ಭವನ್ನುಳಿದು, ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಖರೀದಿಸಿದವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಆದ್ದರಿಂದ ಗ್ರಾಹಕ ಆಯೋಗದ ಬಾಗಿಲು ನಮಗೆ ಬಹುಮಟ್ಟಿಗೆ ಮುಚ್ಚಿದೆ. ಪೊಲೀಸ್ ದೂರು ಅನಿವಾರ್ಯ. ವಂಚಕನು ಹೊರರಾಜ್ಯದವನೆಂದು ಹಿಂಜರಿಯಬೇಕಾಗಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ಪಾವತಿಯ ಯುಟಿಆರ್ ಸಂಖ್ಯೆ, ಪ್ರೊಫಾರ್ಮಾ ಇನ್‌ವಾಯ್ಸ್ ಹಾಗೂ ಮೊಬೈಲಿನ ಮೂಲ ಸಂದೇಶಗಳನ್ನು ಅಳಿಸದೆ ಕಾಯ್ದಿರಿಸಿಕೊಳ್ಳುವುದು ಅವಶ್ಯ.

ಆದರೆ ದೂರುವ ಹಕ್ಕಿನೊಡನೆ ಹೊಣೆಯೂ ಇದೆ. ಸರಕು ತಡವಾಯಿತು, ಗುಣಮಟ್ಟ ಒಪ್ಪಿಗೆಯಾಗಲಿಲ್ಲ ಎಂಬ ವ್ಯವಹಾರದ ತಕರಾರಿಗೆ ವಂಚನೆಯ ಬಣ್ಣ ಹಚ್ಚಬಾರದು. ಅದರಿಂದ ಪ್ರಾಮಾಣಿಕ ಮಾರಾಟಗಾರನ ಖಾತೆ ಸ್ಥಗಿತಗೊಂಡು, ಅವನ ಕೆಲಸಗಾರರ ಸಂಬಳವೇ ನಿಂತೀತು. ಆ ಮಾರಾಟಗಾರ ನಮ್ಮ ಸದಸ್ಯರಲ್ಲೊಬ್ಬನೂ ಆಗಿರಬಹುದು.

ಮುಂಗಡ ಕಳುಹಿಸುವ ಮುನ್ನ ಮಾರಾಟಗಾರನ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಪರಿಶೀಲಿಸಿ, ಅಲ್ಲಿನ ಹೆಸರು ಬ್ಯಾಂಕ್ ಖಾತೆಯ ಹೆಸರಿಗೆ ತಾಳೆಯಾಗುವುದೇ ಎಂದು ನೋಡುವುದು ಕ್ಷೇಮ. ಬೇರೆಯವರ ಸಂಖ್ಯೆಯನ್ನು ತನ್ನದೆಂದು ತೋರಿಸುವವನು ಸಿಕ್ಕಿಬೀಳುವುದು ಇಲ್ಲಿಯೇ.

ಈ ದಿಸೆಯಲ್ಲಿ ವಾಣಿಜ್ಯ ಸಂಸ್ಥೆಗಳು ಮುಂದೆ ಬರಬೇಕು. ದೂರು ಬರೆದುಕೊಡಲು ಒಬ್ಬ ನೌಕರ, ಠಾಣೆಗೆ ಜೊತೆಯಾಗಿ ಹೋಗಲು ಒಬ್ಬ ಹಿರಿಯ ಸದಸ್ಯ, ಇಷ್ಟು ಏರ್ಪಾಡಿದ್ದರೂ ಸಾಕು, ಅನೇಕರ ಸಂಕೋಚ ಕಳೆಯುತ್ತದೆ. ಮೋಸಹೋಗುವುದು ಅಪಮಾನವಲ್ಲ. ಅದನ್ನು ಮುಚ್ಚಿಟ್ಟರೆ, ಅದೇ ವಂಚಕನು ನಾಳೆ ಪಕ್ಕದ ಮಳಿಗೆಯವರಿಗೂ ದರಪಟ್ಟಿ ಕಳುಹಿಸುತ್ತಾನೆಂಬುದನ್ನು ಸದಸ್ಯ ಬಾಂಧವರು ಮರೆಯದಿರಲಿ.