ಮೈನಸ್ ನಲವತ್ತು ಅಂತ ನಗುವವರಿಗೆ



"ಮೈನಸ್ 40 ತಗೊಂಡೋರು ನಾಳೆ ನಿಮ್ಮ ಹಾರ್ಟ್ ಆಪರೇಷನ್ ಮಾಡ್ತಾರೆ, ಹುಷಾರು" ಅನ್ನೋ ಪೋಸ್ಟ್ ಇನ್ನೂ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡ್ತಾ ಇದೆ. ನಗುವವರು ನಗಲಿ ಅಂತ ಸುಮ್ಮನಿದ್ದೆ. ಆದರೆ ನೀಟ್ ಪಿಜಿಗೆ ಓದುತ್ತಿರುವ ನಮ್ಮ ಮಕ್ಕಳೇ ಫೋನ್ ಮಾಡಿ "ಅಣ್ಣ, ಇದು ನಿಜಾನಾ? ನಮ್ಮನ್ನ ಹೀಗೇ ನೋಡ್ತಾರಾ?" ಅಂತ ಕೇಳುವಾಗ ಸುಮ್ಮನಿರೋದು ತಪ್ಪಾಗುತ್ತೆ.

ಲೆಕ್ಕ ಕೇಳಿ. ನೀಟ್ ಪಿಜಿಯಲ್ಲಿ 200 ಪ್ರಶ್ನೆ, 800 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಟ್. ಬರೆಯುವವರೆಲ್ಲ ಎಂಬಿಬಿಎಸ್ ಪಾಸಾದವರು. ಆ ಪಾಸಿಗೆ ಜಾತಿಗೊಂದು ಅಂಕ ಇಲ್ಲ. ಕಟಾಫ್ ಅನ್ನೋದು ಕೌನ್ಸೆಲಿಂಗ್ ಒಳಗೆ ಬಿಡುವ ಗೇಟ್ ಪಾಸ್ ಅಷ್ಟೇ. ಸೀಟು ಹಂಚೋದು ರ‍್ಯಾಂಕ್ ಮೇಲೆ. ಗೇಟಿನೊಳಗೆ ಬಂದವರಿಗೆಲ್ಲ ಊಟ ಸಿಗಲ್ಲ ಸ್ವಾಮಿ!

2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಟಾಫನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿತು. ಯಾರಿಗೆ? ಎಲ್ಲ ವರ್ಗದವರಿಗೂ. ಜನರಲ್ ಕೆಟಗರಿಗೂ ಅದೇ ಮೈನಸ್ 40. ಆಗ ನಿಮ್ಮ ಮೆರಿಟ್ ಚಿಂತೆ ಎಲ್ಲಿ ಮಲಗಿತ್ತು? 2026ರ ಜನವರಿಯಲ್ಲಿ ಮತ್ತೆ ಇಳಿಸಿದರು. ಎಸ್‌ಸಿ, ಎಸ್‌ಟಿ, ಒಬಿಸಿಗೆ ಸೊನ್ನೆ ಪರ್ಸೆಂಟೈಲ್, ಜನರಲ್‌ಗೆ 7, ಅಂದರೆ 800ಕ್ಕೆ 103 ಅಂಕ. ಆ 103ರ ಮೇಲೆ ಒಂದೇ ಒಂದು ಮೀಮ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಳಿಸಿದ್ದು ದಲಿತರ ಮೇಲಿನ ಪ್ರೀತಿಗಾ? ಅಲ್ಲ. ಸಾವಿರಾರು ಸೀಟು ಖಾಲಿ ಬಿದ್ದಿದ್ದವು. ಯಾವ ಸೀಟು? ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಂಥವು ಒಂದು ಕಡೆ. ದುಡ್ಡಿದ್ದವರು ಮಾತ್ರ ಮುಟ್ಟಬಹುದಾದ ಖಾಸಗಿ ಸೀಟುಗಳು ಇನ್ನೊಂದು ಕಡೆ. ಕೆಲವು ಡೀಮ್ಡ್ ಕಾಲೇಜುಗಳಲ್ಲಿ ಬೇಡಿಕೆಯ ಸ್ಪೆಷಾಲಿಟಿಗೆ ಮೂರು ವರ್ಷದ ಖರ್ಚು ಕೋಟಿ ದಾಟುತ್ತೆ. ಅಲ್ಲಿ ನಮಗೆ ಮೀಸಲಾತಿಯೇ ಇಲ್ಲ! ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಕೋಟಾದಲ್ಲೂ ಇಲ್ಲ. ಕಡಿಮೆ ಅಂಕಕ್ಕೆ ದೊಡ್ಡ ಸೀಟು ಎಲ್ಲಿ ಸಿಗುತ್ತೆ ಅಂತ ಈಗ ನೀವೇ ಹೇಳಿ.

ರೇಡಿಯಾಲಜಿ, ಡರ್ಮಟಾಲಜಿ, ಜನರಲ್ ಮೆಡಿಸಿನ್ ಸೀಟುಗಳು ಸರ್ಕಾರಿ ಕಾಲೇಜಿನಲ್ಲಿ ಮೊದಲ ಸುತ್ತುಗಳಲ್ಲೇ ಮುಗಿದುಹೋಗುತ್ತವೆ. ಎಸ್‌ಸಿ ಕೋಟಾದಲ್ಲೂ ಅಷ್ಟೇ. ಎರಡು ಲಕ್ಷಕ್ಕೂ ಹೆಚ್ಚು ಡಾಕ್ಟರುಗಳು ಬರೆಯುವ ಪರೀಕ್ಷೆಯಲ್ಲಿ ಮೇಲಿನ ರ‍್ಯಾಂಕ್ ತಂದ ದಲಿತ ಮಕ್ಕಳು ಅವನ್ನು ತಗೊಳ್ತಾರೆ. ಹಾಗೆ ರ‍್ಯಾಂಕ್ ತಂದರೂ ಮುಗಿಯಲಿಲ್ಲ. ನನಗೆ ಗೊತ್ತಿರುವ ತಂಗಿಯೊಬ್ಬಳಿಗೆ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ರೇಡಿಯಾಲಜಿ ಸಿಗುವಷ್ಟು ರ‍್ಯಾಂಕ್ ಇತ್ತು. ಅಪ್ಪ ಗಾರೆ ಕೆಲಸದವರು. ವರ್ಷದ ಫೀಸು ನೋಡಿ ಆ ಆಪ್ಷನ್ನೇ ಹಾಕಲಿಲ್ಲ, ಸರ್ಕಾರಿ ಕಾಲೇಜಿನ ಪೆಥಾಲಜಿ ತಗೊಂಡಳು. ಅವಳ ಮೆರಿಟ್ ನುಂಗಿದ್ದು ಯಾರು?

ಇನ್ನು ನಿಮ್ಮ ಹಾರ್ಟ್ ವಿಷಯ. ಡಿಎಂ, ಎಂಸಿಎಚ್ ಸೀಟು ಹಂಚುವ ನೀಟ್ ಎಸ್‌ಎಸ್‌ನಲ್ಲಿ ಜಾತಿ ಮೀಸಲಾತಿಯೇ ಇಲ್ಲ. ಅದೂ ಗೊತ್ತಿಲ್ಲದೆ ಫಾರ್ವರ್ಡ್ ಒತ್ತುತ್ತೀರಲ್ಲ! ಪರೀಕ್ಷೆಯ ಅಂಕವೊಂದೇ ಮೆರಿಟ್ ಅಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ, ಇದೇ ವೈದ್ಯಕೀಯ ಸೀಟುಗಳ ಕೇಸಿನಲ್ಲಿ ಹೇಳಿದೆ. ನಾನು ಹೇಳಿದರೆ ಜಾತಿವಾದ ಅಂತೀರಿ, ಆ ತೀರ್ಪನ್ನಾದರೂ ಓದಿ.

ಈಗ ನನ್ನ ತಮ್ಮ ತಂಗಿಯರಿಗೆ ಎರಡು ಮಾತು. ಕಟಾಫ್ ನೋಡಿ ಕನಸು ಕಟ್ಟಬೇಡಿ, ಮೀಮ್ ನೋಡಿ ಕನಸು ಬಿಡಲೂಬೇಡಿ. ಕೆಇಎ ಮತ್ತು ಎಂಸಿಸಿಯ ಹಿಂದಿನ ವರ್ಷಗಳ ಸೀಟು ಹಂಚಿಕೆ ಪಟ್ಟಿ ತೆಗೆದು, ನಿಮ್ಮ ಕೆಟಗರಿಯಲ್ಲಿ ಯಾವ ಬ್ರಾಂಚು ಯಾವ ಸುತ್ತಿನಲ್ಲಿ ಯಾವ ರ‍್ಯಾಂಕಿಗೆ ಮುಗಿದಿದೆ ನೋಡಿ. ನಿಮ್ಮ ನಿಜವಾದ ಅವಕಾಶ ಅಲ್ಲಿದೆ. ಓಪನ್ ಸೀಟು ಯಾರಪ್ಪನ ಮನೆ ಆಸ್ತಿಯೂ ಅಲ್ಲ, ಆ ರ‍್ಯಾಂಕ್ ಇದ್ದರೆ ಅದೂ ನಿಮ್ಮದೇ. ಡಿಎನ್‌ಬಿ ಸೀಟುಗಳನ್ನೂ ಮರೆಯಬೇಡಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಒಂದೇ. ರ‍್ಯಾಂಕ್ ಇದ್ದ ಒಬ್ಬ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಯೂ ಫೀಸಿಗೆ ಹೆದರಿ ಬ್ರಾಂಚ್ ಬಿಡಬಾರದು, ಪೂರ್ತಿ ಫೀಸು ನೀವು ಕಟ್ಟಿ. ಇದು ಭಿಕ್ಷೆ ಅಲ್ಲ. ಆ ಸೀಟನ್ನ ನಮ್ಮ ಮಕ್ಕಳು ಆಗಲೇ ಪರೀಕ್ಷೆ ಬರೆದು ಗೆದ್ದಿದ್ದಾರೆ.

ಜೈ ಭೀಮ್. ಕಾಪಿ ಮಾಡಿ ಹಂಚಿಕೊಳ್ಳಿ, ನನ್ನ ಹೆಸರು ಹಾಕಬೇಕಂತಿಲ್ಲ.