ಬೇವಿನ ಚಿತ್ರ ದೊಡ್ಡದು, ಬೇವು ಎಷ್ಟು?

‘ಕೆಮಿಕಲ್ ಇಲ್ಲದ ಫೇಸ್‌ವಾಶ್ ಯಾವುದಿದೆ ಹೇಳು’ ಎಂದು ನನ್ನನ್ನು ಕೇಳುವವರಿಗೆ ಲೆಕ್ಕವಿಲ್ಲ. ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಕೇಳುತ್ತಾರೆ. ಅಂಥದ್ದು ಯಾವುದೂ ಇಲ್ಲ, ನೀರೂ ಕೆಮಿಕಲ್ಲೇ ಎಂದರೆ ಓದಿದ ಕೊಬ್ಬು ಅಂದುಕೊಳ್ಳುತ್ತಾರೆ. ಹಾಗಾಗಿ ಈಚೆಗೆ ಗೇರುಬೀಜದ ಮಾತು ಎತ್ತುತ್ತೇನೆ. ಹಸಿ ಗೇರುಬೀಜ ಒಡೆಯುವಾಗ ಸೊನೆ ತಾಗಿಸಿಕೊಂಡವರಿಗೆ ಗೊತ್ತು, ಚರ್ಮ ಸುಟ್ಟು ಕಪ್ಪಾಗಿ ಸುಲಿದು ಬರುತ್ತದೆ. ಅದಕ್ಕಿಂತ ನೈಸರ್ಗಿಕವಾದದ್ದು ಇನ್ನೇನು ಬೇಕು?

ಗಿಡ ತನ್ನ ಎಲೆಯಲ್ಲಿ, ಸಿಪ್ಪೆಯಲ್ಲಿ ಎಣ್ಣೆ ತುಂಬಿಕೊಳ್ಳುವುದು ನಮ್ಮ ಕೆನ್ನೆಯ ಕಾಂತಿಗಲ್ಲ. ಹುಳ, ಬೂಷ್ಟು, ಮೇಯುವ ಬಾಯಿಗಳನ್ನು ದೂರವಿಡಲು ಅದಕ್ಕೆ ಆ ಘಾಟು ಬೇಕು. ನಿಂಬೆಹುಲ್ಲಿನ ಪರಿಮಳ ಸಿಟ್ರಾಲ್‌ನದು, ಲವಂಗದ್ದು ಯೂಜಿನಾಲ್‌ನದು. ಗುಲಾಬಿಯಲ್ಲಿರುವ ಜೆರೇನಿಯಾಲ್ ಹೂವಿನಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅದೇ ಅಣು. ಚರ್ಮ ಅದರ ಜಾತಕ ಕೇಳುವುದಿಲ್ಲ. ಕಿತ್ತಳೆ ಸಿಪ್ಪೆಯ ಲಿಮೊನೀನ್ ಗಾಳಿಗೆ ಹಳಸಿದರೆ ಅಲರ್ಜಿ ತರುವ ಪದಾರ್ಥವಾಗುತ್ತದೆ. ನಿಂಬೆರಸ ಮೆತ್ತಿಕೊಂಡು ಬಿಸಿಲಿಗೆ ಹೋದವರಿಗೆ ಕೆಲವೊಮ್ಮೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಯುರೋಪಿನ ಒಕ್ಕೂಟ 2003ರಲ್ಲೇ ಇಂಥ 26 ಪರಿಮಳ ಪದಾರ್ಥಗಳ ಹೆಸರನ್ನು ಲೇಬಲ್ಲಿನಲ್ಲಿ ಹಾಕಲೇಬೇಕೆಂದಿತು. 2023ರಲ್ಲಿ ಆ ಪಟ್ಟಿ 80 ದಾಟಿತು. ಸಿಟ್ರಾಲ್, ಯೂಜಿನಾಲ್, ಜೆರೇನಿಯಾಲ್, ಲಿಮೊನೀನ್ ನಾಲ್ಕೂ ಮೊದಲ ಪಟ್ಟಿಯಲ್ಲೇ ಇದ್ದವು.

ಹಾಗಾದರೆ ಅಜ್ಜಿ ಸೀಗೆಕಾಯಿ ಹಚ್ಚಿ ಮೀಯಿಸಿದ್ದು, ಕಡಲೆಹಿಟ್ಟಿಗೆ ಅರಿಶಿನ ಕಲಸಿದ್ದು ಸುಳ್ಳೇ ಎಂದು ಕೇಳುತ್ತಾರೆ. ಸುಳ್ಳಲ್ಲ. ಸೀಗೆಕಾಯಿ ಕಣ್ಣಿಗೆ ಬಿದ್ದ ಉರಿಯೂ ಸುಳ್ಳಲ್ಲ ಬಿಡಿ. ಅಜ್ಜಿ ಕಲಸಿದ್ದು ಆ ಹೊತ್ತಿಗೆ ಮುಗಿಯುತ್ತಿತ್ತು, ಬಟ್ಟಲಲ್ಲಿ ಏನೇನು ಬಿತ್ತೆಂದು ಮನೆಯವರೆಲ್ಲ ಕಂಡಿದ್ದರು. ಎರಡು ವರ್ಷ ಅಂಗಡಿಯಲ್ಲಿ ಕೂರಬೇಕಾದ ಕ್ರೀಮಿನ ಕಥೆ ಬೇರೆ. ಅದರಲ್ಲಿ ನೀರಿದೆ, ನೀರಿದ್ದಲ್ಲಿ ಬೂಷ್ಟು ಬರುತ್ತದೆ, ಆದ್ದರಿಂದ ಕೆಡದಂತೆ ಕಾಯುವ ಪದಾರ್ಥ ಬೇಕೇ ಬೇಕು. ಪ್ಯಾರಾಬೆನ್ ಎಂಬ ಹೆಸರಿಗೆ ಜನ ಹೆದರಿದಾಗ ಕಂಪನಿಗಳು ಹುಡುಕಿಕೊಂಡ ಬದಲಿಗಳಲ್ಲಿ ಒಂದು ಮಿಥೈಲ್‌ಐಸೋಥಯಾಜೊಲಿನೋನ್. ಅದರಿಂದ ಯುರೋಪಿನಲ್ಲಿ ಚರ್ಮದ ಅಲರ್ಜಿ ಎಷ್ಟು ಹಬ್ಬಿತೆಂದರೆ, ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. ಇತ್ತ ಅಮೆರಿಕದ ಚರ್ಮತಜ್ಞರ ಸಂಘವೊಂದು ಪ್ರತಿವರ್ಷ ‘ವರ್ಷದ ಅಲರ್ಜಿಕಾರಕ’ವನ್ನು ಹೆಸರಿಸುತ್ತದೆ, 2019ರಲ್ಲಿ ಅದು ಪ್ಯಾರಾಬೆನ್‌ಗಳನ್ನು ‘ಅಲರ್ಜಿಕಾರಕವಲ್ಲದ್ದು’ ಎಂದೇ ಕರೆಯಿತು. ‘ಪ್ಯಾರಾಬೆನ್ ಫ್ರೀ’ ಎಂಬ ಹಸಿರು ಮುದ್ರೆ ಮಾತ್ರ ಪೊಟ್ಟಣದಿಂದ ಇಳಿದಿಲ್ಲ.

ನನ್ನ ತಕರಾರು ಗಿಡಗಳ ಮೇಲಲ್ಲ, ಗಿಡದ ಹೆಸರು ಹೇಳಿ ಅಳತೆ ಮುಚ್ಚಿಡುವವರ ಮೇಲೆ. ಪೊಟ್ಟಣದ ಮುಂದೆ ಅಂಗೈಯಗಲ ಬೇವಿನ ಎಲೆ, ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಶೇ. 1 ಮತ್ತು ಅದಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಹಾಗಾಗಿ ಹನಿಯಷ್ಟೇ ಬಿದ್ದ ಬೇವು ತನಗಿಂತ ಹೆಚ್ಚಿರುವ ಪದಾರ್ಥದ ಮುಂದೆ ಹೋಗಿ ನಿಲ್ಲಬಹುದು. ಆ ‘ಸಾರ’ವಾದರೂ ಏನು? ಒಣಗಿದ ಎಲೆಯನ್ನು ನೀರಿನಲ್ಲೋ ಗ್ಲಿಸರಿನ್‌ನಲ್ಲೋ ನೆನೆಸಿ ಸೋಸಿದ್ದಾಗಿದ್ದರೆ, ಹನಿಯಲ್ಲೂ ಬಹುಪಾಲು ದ್ರಾವಕವೇ.

ಶ್ರೀಗಂಧದ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಇನ್ನೂ ಹೆಚ್ಚು. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಬಲಿಯಲು ವರ್ಷಗಳೇ ಬೇಕು, ಎಣ್ಣೆ ತೆಗೆಯಬೇಕಾದರೆ ಮರವನ್ನು ಬುಡಸಮೇತ ಕೀಳಬೇಕು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುಮಾಡಿದ ನಾಡು ನಮ್ಮದು. ಅದೇ ಮರ ಇವತ್ತು ಅಳಿವಿನ ಅಂಚಿಗೆ ಜಾರಬಹುದಾದ ಪ್ರಭೇದಗಳ ಜಾಗತಿಕ ಪಟ್ಟಿಯಲ್ಲಿದೆ. ಅಸಲಿ ಎಣ್ಣೆ ಕಿಲೋಗೆ ಲಕ್ಷ ರೂಪಾಯಿಯ ಮೇಲೆ. ಇಪ್ಪತ್ತು ರೂಪಾಯಿಯ ಫೇಸ್‌ಪ್ಯಾಕ್‌ನ ಮೇಲೆ ಗಂಧದ ಕೊರಡಿನ ಚಿತ್ರ ಕಂಡಾಗ ಎಷ್ಟು ಹಾಕಿದ್ದೀರಿ ಎಂದು ಕೇಳುವುದು ತಪ್ಪೇ? ಪ್ರಯೋಗಾಲಯದಲ್ಲಿ ಮಾಡಿದ ಗಂಧದ ಪರಿಮಳ ಹಾಕಿದ್ದರೆ ನನ್ನ ಅಭ್ಯಂತರವೇನೂ ಇಲ್ಲ, ಒಂದು ಮರ ಉಳಿಯಿತು. ಆದರೆ ಹಾಗಂತ ಬರೆಯಿರಿ.

ಇದು ಆಗದ ಕೆಲಸವಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಗೋಡಂಬಿ ಚಿತ್ರ ಹಾಕಿ ಮಾರುವವರು ಗೋಡಂಬಿ ಶೇಕಡಾ ಎಷ್ಟೆಂದು ಹೇಳಬೇಕೆಂಬ ನಿಯಮ ನಮ್ಮ ಆಹಾರ ಕಾನೂನಿನಲ್ಲಿ ಆಗಲೇ ಇದೆ. ತಿನ್ನುವ ಗೋಡಂಬಿಗೆ ಇರುವ ಲೆಕ್ಕ ಹಚ್ಚುವ ಬೇವಿಗೇಕಿಲ್ಲ? ಚಿತ್ರದ ಪಕ್ಕದಲ್ಲೇ ಶೇಕಡಾವಾರು ಅಂಕಿ, ಅಲರ್ಜಿ ತರಬಲ್ಲ ಪರಿಮಳಗಳ ಹೆಸರು, ಎರಡೂ ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಗೆ. ಕರ್ನಾಟಕ ಸರ್ಕಾರಕ್ಕೆ ತನ್ನದೇ ಸಾಬೂನು ಕಾರ್ಖಾನೆ ಇದೆ. ದೆಹಲಿಯಲ್ಲಿ ನಿಯಮ ಬದಲಾಗುವವರೆಗೆ ಕಾಯದೆ, ಮುಂದಿನ ಸಲ ಹೊದಿಕೆ ಅಚ್ಚು ಹಾಕಿಸುವಾಗ ಅಲ್ಲಿಂದಲೇ ಶುರುಮಾಡಬಹುದು.